ಒಂದು ದಿನದ ಶಿಬಿರ

ನಮ್ಮ ಮನೆಗೆ ಬಂದವರ ಯೋಗ್ಯತೆ ಏನೆಂಬುದನ್ನು ಅವರು ಎಲ್ಲಿ ಕೂತರು ಎಂಬುದರಿಂದ ತಿಳಿಯಬಹುದಾಗಿತ್ತು. ನಡುಮನೆಯ ಬೆತ್ತದ ಕುರ್ಚಿಗಳು ದೊಡ್ಡಪ್ಪನಿಗೆ ಯಾರಿಂದ ಕೆಲಸವಾಗಬೇಕಿತ್ತೋ ಅವರಿಗೆ. ನಡುಮನೆಯ ಚಾಪೆ ನೆಂಟರಿಗೆ. ಪಡಸಾಲೆಯ ಬೆಂಚು ಕೊಬ್ಬರಿ ವ್ಯಾಪಾರದವರಿಗೆ ಮತ್ತು ಶಾಲೆಯ ಮೇಷ್ಟರಿಗೆ. ಹೊರಗಿನ ಜಗುಲಿ ಏನಾದರೂ ರಿಪೇರಿಗೆ ಬಂದವರಿಗೆ. ಜಗುಲಿಗೂ ಸಲ್ಲದವರು ಅಂಗಳದಲ್ಲಿ ನಿಂತೇ ಮಾತಾಡಿ ಹೋಗುತ್ತಿದ್ದರು. ಇದನ್ನು ಯಾರೂ ಯಾರಿಗೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ; ಬಂದವರೇ ತಮ್ಮ ಜಾಗ ತಿಳಿದು ಅಲ್ಲಲ್ಲೇ ನಿಲ್ಲುತ್ತಿದ್ದರು. ಬಿಳಿಗೆರೆ ಕಡೆಯ ಊರುಗಳಲ್ಲಿ ಇದಕ್ಕೆ ದೊಡ್ಡ ಮನೆತನ ಎಂಬ ಹೆಸರಿತ್ತು. ಈಗ ನನಗೆ ಬೇರೆ ಹೆಸರುಗಳು ಹೊಳೆಯುತ್ತವೆ, ಅವುಗಳಲ್ಲಿ ಒಂದೂ ಮರ್ಯಾದಸ್ಥರು ಆಡುವಂಥದ್ದಲ್ಲ. ಅಟ್ಟದ ಮೇಲೆ ವರ್ಷವಿಡೀ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುತ್ತಿತ್ತು. ಅದರ ಕೆಳಗೆ ನಾವು ಉಣ್ಣುತ್ತಿದ್ದೆವು, ಜಗಳವಾಡುತ್ತಿದ್ದೆವು, ಹಾದುಹೋದ ಪ್ರತಿಯೊಬ್ಬರನ್ನೂ ಆಡಿಕೊಳ್ಳುತ್ತಿದ್ದೆವು. ಆಡಿಕೊಳ್ಳುವುದು ನಮ್ಮ ಮನೆಯ ನಿಜವಾದ ಕಸುಬು. ತೋಟ ಅದಕ್ಕೆ ಪುರಸೊತ್ತು ಒದಗಿಸುತ್ತಿತ್ತು, ಅಷ್ಟೆ.

ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಪಡಸಾಲೆಗೆ ಬಂದು ಕೂರುತ್ತಿದ್ದರು. ಅಜ್ಜಿ ಕಂಬಕ್ಕೆ ಒರಗಿ, ದೊಡ್ಡಪ್ಪ ಬೆಂಚಿನ ಮೇಲೆ ಕಾಲು ಮಡಚಿ, ನನ್ನ ಅಪ್ಪ ನೆಲದ ಮೇಲೆ. ಅಪ್ಪ ದೊಡ್ಡಪ್ಪನಿಗಿಂತ ನಾಲ್ಕು ವರ್ಷ ಚಿಕ್ಕವನು, ಆದರೆ ಮನೆಯಲ್ಲಿ ಅವನ ಸ್ಥಾನ ನಲವತ್ತು ವರ್ಷ ಚಿಕ್ಕದು. ಅವನಿಗೆ ಇದ್ದದ್ದು ನಾನೊಬ್ಬಳು ಹೆಣ್ಣುಮಗಳು, ಮಾತು ಇರಲೇ ಇಲ್ಲ. ದೊಡ್ಡಪ್ಪನಿಗೆ ಚೇತು ಇದ್ದ, ನನಗಿಂತ ಎರಡು ವರ್ಷ ದೊಡ್ಡವನು. ಹಾಗಾಗಿ ಆ ಮನೆಯಲ್ಲಿ ನನ್ನನ್ನು ಯಾರೂ ಗಮನಿಸಬೇಕಾದ ಕಾರಣವಿರಲಿಲ್ಲ. ಏಳು ವರ್ಷದವಳಿದ್ದಾಗ ಒಂದು ಸಂಜೆ, ಅಂದು ಬಂದು ಹೋಗಿದ್ದ ಶಾನುಭೋಗರ ಕೆಮ್ಮನ್ನು ನಾನು ಹಾಗೇ ಕೆಮ್ಮಿ ತೋರಿಸಿದೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ದೊಡ್ಡಪ್ಪ ತೊಡೆ ತಟ್ಟಿದ. ಅಲ್ಲಿಂದ ಮುಂದೆ ದಿನಾ ಅದೇ.

"ವೀಣಿ, ಆ ಮೇಷ್ಟ್ರು ಹೆಂಗ್ ಮೂಗು ಒರೆಸ್ಕತಾನೆ ತೋರ್ಸು," ಎನ್ನುತ್ತಿದ್ದ ದೊಡ್ಡಪ್ಪ.

ನಾನು ತೋರಿಸುತ್ತಿದ್ದೆ. ಬಳೆಯವಳ ತೊದಲು, ದಲ್ಲಾಳಿಯ ಮೆಳ್ಳೆಗಣ್ಣು, ಅಂಗಳದಲ್ಲಿ ನಿಂತು ಏನನ್ನೋ ಬೇಡಿದ ಮುದುಕನ ಕೈ ನಡುಕ, ಎಲ್ಲವೂ ನನಗೆ ಒಂದೇ ಸಲಕ್ಕೆ ಬಂದುಬಿಡುತ್ತಿದ್ದವು. ನಾನು ಆ ಮನೆಯಲ್ಲಿ ಸಂಪಾದಿಸಿದ ಏಕೈಕ ಪ್ರೀತಿ ಅದು, ಅದನ್ನು ನಾನು ಬೇರೆಯವರ ಮೈಯಿಂದ ಕಿತ್ತು ತಂದಿದ್ದೆ. ಅದಕ್ಕೂ ಮೊದಲು ನನ್ನ ಪಾಲಿಗೆ ಇದ್ದದ್ದು ಅಜ್ಜಿಯ ಸೌಟು. ನಾನು ಹುಟ್ಟಾ ಎಡಗೈಯವಳು. ಊಟಕ್ಕೆ ಕೂತಾಗ ಎಡಗೈ ತಟ್ಟೆಯ ಕಡೆ ಹೋದರೆ ಸಾಕು, ಸೌಟಿನ ಹಿಂಬದಿ ಗಿಣ್ಣಿನ ಮೇಲೆ ಬೀಳುತ್ತಿತ್ತು.

"ಎಡಚಿ ಕೈಲಿ ಮುದ್ದೆ ಮುರಿದ್ರೆ ಮನೆಗೆ ದರಿದ್ರ ಕಣೇ."

ಆರು ವರ್ಷಕ್ಕೆಲ್ಲ ನಾನು ಬಲಗೈಯವಳಾಗಿದ್ದೆ. ದರಿದ್ರ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ನನಗೆ ಹನ್ನೆರಡು ತುಂಬಿದ ಬೇಸಿಗೆಯಲ್ಲಿ ಕಿಬ್ಬನಹಳ್ಳಿ ಕಡೆಯ ಒಬ್ಬ ಮುಖಂಡ ಕಬಡ್ಡಿ ಪಂದ್ಯ ಮಾಡಿಸಿದ. ಅವನ ಮುಖವಿದ್ದ ಫ್ಲೆಕ್ಸ್ ಬಸ್ ನಿಲ್ಲುವ ಕಡೆಯಲ್ಲೆಲ್ಲ ನೇತಾಡಿತು. ದೊಡ್ಡಪ್ಪನಿಗೆ ಅದನ್ನು ನೋಡಿದಂದಿನಿಂದ ಊಟ ಸೇರಲಿಲ್ಲ. ಇನ್ನೊಂದು ಕಡೆ ಚೇತು ಓದಿನಲ್ಲಿ ಹಿಂದೆ. ಆಟದ ಸರ್ಟಿಫಿಕೇಟು ಒಂದಿದ್ದರೆ ಮುಂದೆ ಕಾಲೇಜಿನಲ್ಲಿ ಸೀಟಿಗೆ ಆದೀತು ಎಂದು ಯಾರೋ ಹೇಳಿದ್ದರು. ಎರಡು ನೋವುಗಳಿಗೂ ಸೇರಿ ಒಂದೇ ಮದ್ದು ಅವನಿಗೆ ಹೊಳೆಯಿತು.

"ಕಬಡ್ಡಿ ಯಾವನಾದ್ರೂ ಆಡುಸ್ತಾನೆ ಕಣಮ್ಮ. ನಾವು ಫುಟ್‌ಬಾಲ್ ಆಡ್ಸಾನ. ಇಪ್ಪತ್ತೊಂದಿನದ ತರಬೇತಿ ಶಿಬಿರ."

"ಅದೆಂಥದ್ಲಾ ಅದು, ಒದೆಯೋ ಆಟ," ಎಂದಳು ಅಜ್ಜಿ. "ಹೇಳ್ಕೊಡೋನ್ ಯಾರು?"

ಹೇಳಿಕೊಡಲು ಇದ್ದವರು ಒಬ್ಬರೇ. ತಿಪಟೂರಿನಲ್ಲಿ ಮೋಟರು ವೈಂಡಿಂಗ್ ಅಂಗಡಿ ಇಟ್ಟಿದ್ದ ಅಮ್ಜದ್. ಹುಡುಗರಾಗಿದ್ದಾಗ ಜಿಲ್ಲೆಯ ತಂಡದಲ್ಲಿ ಆಡಿದ್ದರು. ಬಲ ಮಂಡಿ ಹೋದ ಮೇಲೆ ಆಟ ಬಿಟ್ಟು ತಂದೆಯ ಅಂಗಡಿ ಹಿಡಿದರು. ಪ್ರತಿ ಬೇಸಿಗೆ ನಮ್ಮ ಬೋರ್‌ವೆಲ್ಲಿನ ಮೋಟರು ಸುಟ್ಟಾಗ ಬಂದು ಜಗುಲಿಯ ಮೇಲೆ ಕೂತು ಬಿಚ್ಚುತ್ತಿದ್ದವರು ಅವರೇ. ಅವರ ಕಾಫಿಗೆಂದು ಹೊರಗಿನ ಗೂಡಿನಲ್ಲಿ ಒಂದು ಬೇರೆ ಲೋಟವೇ ಇರುತ್ತಿತ್ತು. ಅವರ ಹೆಸರು ಕೇಳಿದ್ದೇ ಅಜ್ಜಿ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಮೋಟ್ರು ರಿಪೇರಿ ಸಾಬ್ರು ನಮ್ ಹುಡ್ಗುಂಗೆ ಮೇಷ್ಟ್ರೇನ್ಲಾ?"

"ಬ್ಯಾರೆ ಯಾವನ್ಗೂ ಬರಲ್ಲ ಕಣಮ್ಮ. ಇಪ್ಪತ್ತೊಂದಿನ ಕಳೀಲಿ, ಆಮೇಲೆ ಅವ್ನ್ ಯಾರೋ ನಾವ್ ಯಾರೋ."

ಈ ಮಾತು ಮುಗಿಯುವಾಗ ದೊಡ್ಡಪ್ಪನ ಮುಖದಲ್ಲಿ ತಾನು ಬಹಳ ಉದಾರಿ ಎಂಬ ತೃಪ್ತಿ ಇತ್ತು.

ಶಿಬಿರ ಶುರುವಾಗುವ ದಿನ ಬೆಳಕು ಹರಿಯುವ ಮೊದಲೇ ಮನೆಯ ಹೆಂಗಸರು ಒಲೆಯ ಮುಂದಿದ್ದರು. ಮೈದಾನಕ್ಕೆ ಉಪ್ಪಿಟ್ಟು ಕೇಸರಿಬಾತು, ಗಣ್ಯರಿಗೆ ಮಧ್ಯಾಹ್ನ ಮನೆಯಲ್ಲಿ ಹೋಳಿಗೆ ಊಟ. ಬಾಣಲೆಯಲ್ಲಿ ತಿರುವಿ ತಿರುವಿ ಅಮ್ಮನ ಕೈ ಮೊಳಕೈವರೆಗೆ ಕೆಂಪಾಗಿತ್ತು. ದೊಡ್ಡಪ್ಪ ಕನ್ನಡಿಯ ಮುಂದೆ ಮೂರು ಬಿಳಿ ಅಂಗಿ ಹಾಕಿ ತೆಗೆದು, ಮೊದಲನೆಯದನ್ನೇ ಮತ್ತೆ ಹಾಕಿಕೊಂಡ. ಚೇತು ಹೊಸ ಬೂಟು ತೊಟ್ಟು ನಡುಮನೆಯ ನೆಲದ ಮೇಲೆ ಟಕಟಕ ಓಡಾಡಿದ; ಬೇರೆ ದಿನವಾಗಿದ್ದರೆ ಅಜ್ಜಿ ಅವನ ಕಾಲು ಮುರಿಯುತ್ತಿದ್ದಳು. ನನ್ನನ್ನು ಕರೆದುಕೊಂಡು ಹೋದದ್ದು ಫೋಟೋಕ್ಕೆ. ನಾಲ್ಕೈದು ಹೆಣ್ಣುಮಕ್ಕಳಿದ್ದರೆ ಪೇಪರಿನವರು ದೊಡ್ಡದಾಗಿ ಹಾಕುತ್ತಾರೆ ಎಂದು ದೊಡ್ಡಪ್ಪನ ತಲೆಗೆ ಯಾರೋ ತುಂಬಿದ್ದರು. ಚೇತುವಿನ ಹಳೆಯ ಟೀ ಶರ್ಟು ನನಗೆ ಮಂಡಿ ಮುಟ್ಟುತ್ತಿತ್ತು.

ಹೈಸ್ಕೂಲು ಮೈದಾನಕ್ಕೆ ನಾವು ಹೋದಾಗ ಅಮ್ಜದ್ ಸಾರ್ ಅಲ್ಲಿದ್ದರು. ಕತ್ತಲಿರುವಾಗಲೇ ಸ್ಕೂಟರಿನಲ್ಲಿ ಬಂದು, ಡಬ್ಬದಲ್ಲಿ ಸುಣ್ಣದ ಪುಡಿ ಹಿಡಿದು, ಕುಂಟುತ್ತ ಕುಂಟುತ್ತ ಇಡೀ ಮೈದಾನಕ್ಕೆ ಗೆರೆ ಎಳೆದು ಮುಗಿಸಿದ್ದರು. ಅಷ್ಟರಲ್ಲಿ ದೊಡ್ಡಪ್ಪನ ಶಿಷ್ಯರ ಬೈಕುಗಳು ಬಂದು ಗೆರೆಯ ಮೇಲೇ ನಿಂತವು. ಅವರು ಮತ್ತೆ ಎಳೆದರು. ಶಾಮಿಯಾನ ಹೊತ್ತ ಟೆಂಪೋ ಬಂತು, ಮತ್ತೆ ಅಳಿಸಿತು. ಮತ್ತೆ ಎಳೆದರು. ಗಾಳಿಮರದ ಗಳಗಳಲ್ಲಿ ಅವರು ನೆಟ್ಟಿದ್ದ ಗೋಲಿಗೆ, ಎರಡು ಕಂಬಗಳ ನಡುವೆ ಸರಿಯಾಗಿ ಅಳತೆ ಹಿಡಿದಂತೆ, ಫ್ಲೆಕ್ಸ್ ಕಟ್ಟಲಾಗಿತ್ತು. ನಮ್ಮವರಿಗೆ ಗೋಲ್ ಕಂಬವೆಂದರೆ ಫ್ಲೆಕ್ಸ್ ಕಟ್ಟಲೆಂದು ಯಾರೋ ಮುಂದಾಲೋಚನೆಯಿಂದ ನೆಟ್ಟ ಕಂಬ. ಅದರಲ್ಲಿ ದೊಡ್ಡಪ್ಪನ ಮುಖ ಬಾಗಿಲಿನಷ್ಟಿತ್ತು, ಪಕ್ಕದಲ್ಲಿ ಚೆಂಡು ಹಿಡಿದ ಚೇತು, ಕೆಳಗೆ ಸಾಲಾಗಿ ಹದಿನಾಲ್ಕು ಮುಖಗಳು. ತರಬೇತುದಾರರ ಹೆಸರು ಎಲ್ಲೂ ಇರಲಿಲ್ಲ. ಅಪ್ಪ ಅದನ್ನು ಕೇಳಿದ್ದಕ್ಕೆ ದೊಡ್ಡಪ್ಪ ಜಾಗ ಸಾಲಲಿಲ್ಲ ಎಂದ.

"ಯಜಮಾನ್ರೇ, ಬ್ಯಾನರ್ ಆ ಮರಕ್ಕೆ ಕಟ್ಸಬೋದಾ?" ಎಂದು ಅಮ್ಜದ್ ಸಾರ್ ಕೈ ಒರೆಸಿಕೊಳ್ಳುತ್ತ ಬಂದರು. "ಮಕ್ಳು ಗೋಲಿಗೆ ಹೊಡೀಬೇಕಲ್ಲ."

"ಇವತ್ತು ಉದ್ಘಾಟನೆ ಕಣಯ್ಯ. ಗೋಲು ನಾಳೆ ಹೊಡೀಲಿ ಬುಡು."

ಸುತ್ತಲ ಊರುಗಳಿಂದ ನಲವತ್ತು ಮಕ್ಕಳು ಬಂದಿದ್ದರು. ದಬ್ಬೇಘಟ್ಟದ ಕಡೆಯಿಂದ ಇಬ್ಬರು ಅಣ್ಣತಮ್ಮಂದಿರು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಇವರನ್ನೆಲ್ಲ ಬಿಸಿಲಿನಲ್ಲಿ ಸಾಲು ನಿಲ್ಲಿಸಿ, ದೊಡ್ಡವರು ನೆರಳಿನಲ್ಲಿ ಕೂತರು. ಹೊಸ ಚೆಂಡನ್ನು ಸ್ಟೂಲಿನ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದರು, ಹಾರ ಹಾಕಿದರು, ಅದರ ಮುಂದೆ ಕಾಯಿ ಒಡೆದರು. ಒಬ್ಬೊಬ್ಬರೂ ಎದ್ದು ಮಾತಾಡಿದರು. ಒಬ್ಬ ಕ್ರೀಡೆಯಿಂದ ಶಿಸ್ತು ಬರುತ್ತದೆ ಎಂದ. ಅವನು ಬಂದದ್ದು ಎರಡು ಗಂಟೆ ತಡವಾಗಿ. ಇನ್ನೊಬ್ಬ ಫುಟ್‌ಬಾಲ್ ಆಟವನ್ನು ನಮ್ಮ ಪೂರ್ವಿಕರೇ ಕಂಡುಹಿಡಿದದ್ದು ಎಂದ. ಎರಡನೆಯ ಸಾಲಿನಲ್ಲಿ ಒಬ್ಬ ಹುಡುಗ ಕುಸಿದು ಕೂತ. ಅಮ್ಜದ್ ಸಾರ್ ಹೋಗಿ ಅವನನ್ನು ಎತ್ತಿಕೊಂಡು ನೆರಳಿಗೆ ತಂದರು, ಭಾಷಣ ನಿಲ್ಲಲಿಲ್ಲ. ಕೊನೆಯಲ್ಲಿ ದೊಡ್ಡಪ್ಪ ಮೈಕು ಹಿಡಿದು, ಈ ಶಿಬಿರದ ತಂಡಕ್ಕೆ ತನ್ನ ಮಗ ಚೇತನನೇ ನಾಯಕ ಎಂದು ಘೋಷಿಸಿದ. ಚಪ್ಪಾಳೆ ಬಿತ್ತು. ಫೋಟೋ ಆಯಿತು. ಹೆಣ್ಣುಮಕ್ಕಳು ಇನ್ನು ಮರದಡಿ ಕೂತುಕೊಳ್ಳಿ ಎಂದರು. ನಾವು ಐದು ಜನ ಹೋಗಿ ಕೂತೆವು.

ಗಣ್ಯರು ಉಪ್ಪಿಟ್ಟಿನ ಕಡೆ ತಿರುಗಿದ ಮೇಲೆ ಅಮ್ಜದ್ ಸಾರ್ ಚೆಂಡಿನ ಹಾರ ತೆಗೆದು, ಕುಂಕುಮವನ್ನು ಅಂಗಿಯ ತುದಿಯಿಂದ ಒರೆಸಿ, ಸೀಟಿ ಊದಿದರು. ಅವರು ಪ್ರತಿ ಮಾತಿಗೂ ಮೊದಲು ಹ್ಞಾಂ ಎನ್ನುತ್ತಿದ್ದರು, ತಮಗೆ ತಾವೇ ಒಪ್ಪಿಗೆ ಕೊಟ್ಟುಕೊಳ್ಳುವ ಹಾಗೆ.

"ಹ್ಞಾಂ, ನೀವ್ ಐದು ಜನ ಯಾಕಮ್ಮ ಕೂತ್ರಿ? ಹೆಸರು ಕೊಟ್ಟಿದೀರಲ್ಲ, ಬನ್ನಿ."

ಒಬ್ಬೊಬ್ಬರಿಗೂ ಚೆಂಡು ಉರುಳಿಸಿ, ನಿಲ್ಲಿಸಿ ವಾಪಸು ಒದೆಯಲು ಹೇಳಿದರು. ಚೇತುವಿನ ಸರದಿ ಬಂದಾಗ ಚೆಂಡು ಅವನ ಹೊಸ ಬೂಟಿನ ಪಕ್ಕದಲ್ಲಿ ಮೂರು ಸಲ ಹಾಗೇ ಹಾದುಹೋಯಿತು. ಅವನನ್ನು ಚಿಕ್ಕ ಹುಡುಗರ ಗುಂಪಿಗೆ ನಿಲ್ಲಿಸಿದರು. ನನ್ನ ಸರದಿ ಬಂತು. ಬಲಗಾಲಲ್ಲಿ ಒದ್ದೆ. ಚೆಂಡು ಸೊಟ್ಟಗೆ ಹೋಯಿತು. ಅವರು ನನ್ನ ಕಾಲನ್ನಲ್ಲ, ಮುಖವನ್ನು ನೋಡಿದರು.

"ಹ್ಞಾಂ, ನಿಲ್ಲು. ಯಾವ ಕೈಲಿ ಬರೀತೀಯಾ?"

"ಬಲಗೈಲಿ ಸಾರ್."

"ಬರಿಯೋದು ಕಲಿಯೋಕ್ ಮುಂಚೆ?"

ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿದ್ದಿಲ್ಲ.

"ಎಡಗಾಲಲ್ಲಿ ಹೊಡಿ."

ಹೊಡೆದೆ. ಚೆಂಡು ಹುಡುಗರ ತಲೆಗಳ ಮೇಲೆ ಹಾರಿ, ಶಾಮಿಯಾನ ದಾಟಿ, ಕಾಂಪೌಂಡಿಗೆ ಬಡಿಯಿತು. ಅಷ್ಟು ದೂರ ಹೋಗುವಂಥದ್ದು ನನ್ನ ಮೈಯಲ್ಲಿ ಏನೋ ಇದೆ ಎಂದು ನನಗೇ ಗೊತ್ತಿರಲಿಲ್ಲ. ಅವರು ನಗಲಿಲ್ಲ, ಬೆನ್ನು ತಟ್ಟಲಿಲ್ಲ. ಚೆಂಡು ತರಿಸಿ ಮತ್ತೆ ನನ್ನ ಕಾಲ ಬಳಿ ಇಟ್ಟರು.

"ಎಡಗಾಲಿನೋರು ಹತ್ತೂರು ಹುಡುಕಿದ್ರೂ ಸಿಗಲ್ಲಮ್ಮ. ಮುಚ್ಚಿಡಬೇಡ. ನಾಳೆಯಿಂದ ನೀನು ಈ ಮೊದಲನೇ ಗುಂಪಲ್ಲಿ ಇರು."

ಇದನ್ನೆಲ್ಲ ದೊಡ್ಡಪ್ಪ ಉಪ್ಪಿಟ್ಟಿನ ತಟ್ಟೆ ಹಿಡಿದು ನೋಡುತ್ತಿದ್ದ. ನಿಧಾನವಾಗಿ ಬಂದ.

"ಕ್ಯಾಪ್ಟನ್ನ ಚಿಕ್ಕುಡುಗ್ರ ಜೊತೆ ನಿಲ್ಸಿದ್ದೀಯಲ್ಲಯ್ಯ."

"ಕ್ಯಾಪ್ಟನ್ ಯಾರು ಅಂತ ಕೊನೇ ದಿನ ನೋಡಾನ ಯಜಮಾನ್ರೇ. ಮೊದ್ಲು ಚೆಂಡು ನಿಲ್ಸೋದು ಕಲೀಲಿ. ಕಲೀತಾನೆ."

ದೊಡ್ಡಪ್ಪ ನಕ್ಕ. ಆ ನಗು ಏನೆಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು. ಮಧ್ಯಾಹ್ನ ಮನೆಗೆ ಊಟಕ್ಕೆ ಬರಲೇಬೇಕೆಂದು ಅವರ ಹೆಗಲು ಹಿಡಿದು ಹೇಳಿದ.

ಗಣ್ಯರಿಗೆ ನಡುಮನೆಯಲ್ಲಿ ಎಲೆ ಹಾಕಿದ್ದರು. ಅಮ್ಜದ್ ಸಾರ್‌ಗೆ ಜಗುಲಿಯ ಮೇಲೆ, ಒಬ್ಬರಿಗೇ. ಅವರು ಕಾಲು ತೊಳೆದು ಬಂದು ಕೂತರು. ಮಂಡಿ ಮಡಚಲಾಗದೆ ಬಲಗಾಲನ್ನು ಚಾಚಿಕೊಂಡೇ ಕೂತರು. ಅಮ್ಮ ಕೋಸಂಬರಿ, ಪಲ್ಯ, ಅನ್ನ, ಸಾರು, ಹೋಳಿಗೆ ಎಲ್ಲ ಬಡಿಸಿ, ತುಪ್ಪ ತರುತ್ತೇನೆ, ಒಂದು ನಿಮಿಷ ಎಂದು ಒಳಗೆ ಹೋದಳು. ಅದೇ ಹೊತ್ತಿಗೆ ನಡುಮನೆಯಲ್ಲಿ ದೊಡ್ಡಪ್ಪ ನನ್ನನ್ನು ಕರೆದ. ಬಾಗಿಲು ತೆರೆದೇ ಇತ್ತು. ಜಗುಲಿಗೂ ನಾನು ನಿಂತ ಜಾಗಕ್ಕೂ ಹತ್ತು ಹೆಜ್ಜೆ.

"ವೀಣಿ, ಬಾ ಇಲ್ಲಿ. ನಮ್ ಕೋಚು ಹೆಂಗ್ ನಡೀತಾನೆ, ಇವ್ರಿಗ್ ಒಂಚೂರು ತೋರ್ಸು."

ನಾನು ಹಿಂಜರಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಗಣ್ಯರು ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಅಷ್ಟು ಜನ ನನ್ನನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ನಾನು ಬಲ ಮಂಡಿಯನ್ನು ಬಿಗಿ ಹಿಡಿದು, ಎಡಕ್ಕೆ ವಾಲಿ, ಎಲೆಗಳ ಸಾಲಿನ ಮುಂದೆ ಕುಂಟಿದೆ. ಕೈಯಲ್ಲಿ ಇಲ್ಲದ ಸುಣ್ಣದ ಡಬ್ಬ ಹಿಡಿದು ಗೆರೆ ಎಳೆದೆ, ಅಳಿಸಿತೆಂದು ಮತ್ತೆ ಎಳೆದೆ. ಹ್ಞಾಂ ಎಂದೆ. ಜನ ಬಿದ್ದು ಬಿದ್ದು ನಕ್ಕರು. ನಗು ಇಳಿಯುತ್ತಿದೆ ಎನಿಸಿದಾಗ ಇನ್ನೂ ಏನಾದರೂ ಕೊಡಬೇಕೆನಿಸಿ, ಎಡಗಾಲಿನೋರು ಹತ್ತೂರು ಹುಡುಕಿದ್ರೂ ಸಿಗಲ್ಲಮ್ಮ ಎಂಬ ಮಾತನ್ನೂ ಅವರದೇ ದನಿಯಲ್ಲಿ ಆಡಿದೆ. ಆ ಮಾತು ನನಗೆ ಸಿಕ್ಕು ಎರಡು ಗಂಟೆಯೂ ಆಗಿರಲಿಲ್ಲ. ಚೇತು ಕಣ್ಣೀರು ಬರುವಷ್ಟು ನಕ್ಕ. ಅಪ್ಪನೂ ನಕ್ಕ, ತಲೆ ತಗ್ಗಿಸಿ, ತನ್ನ ಎಲೆಗೆ ಮಾತ್ರ ಕಾಣುವಂತೆ. ಅಮ್ಮ ತುಪ್ಪದ ಗಿಂಡಿ ಹಿಡಿದು ನನ್ನ ಪಕ್ಕದಲ್ಲೇ ಹಾದು ಜಗುಲಿಗೆ ಹೋದಳು. ಹಾದುಹೋಗುವಾಗ ನನ್ನ ಕಾಲನ್ನು ನೋಡಿದಳು. ಕೂಡಲೇ ವಾಪಸು ಬಂದಳು.

"ಅವ್ರು ಎದ್ದೋದ್ರು," ಎಂದಳು.

ಹೊರಗೆ ಸ್ಕೂಟರ್ ಶುರುವಾದ ಸದ್ದು ಕೇಳಿತು. ನಾನು ಬಾಗಿಲಿಗೆ ಹೋಗಿ ನೋಡಿದೆ. ಎಲೆಯನ್ನು ನೀಟಾಗಿ ಮಡಚಿಟ್ಟಿದ್ದರು. ಅಂಚಿನಿಂದ ಬಿಳಿ ಅನ್ನ ಬಡಿಸಿದ ಹಾಗೇ ಇಣುಕುತ್ತಿತ್ತು.

"ಹೋಗ್ಲಿ ಬುಡು, ಯಾವ್ದೋ ಮೋಟ್ರು ಸುಟ್ಟಿರ್ಬೇಕು," ಎಂದ ದೊಡ್ಡಪ್ಪ. ಅದಕ್ಕೂ ನಕ್ಕರು. ಹೋಳಿಗೆ ಎರಡನೇ ಸಲ ಬಡಿಸಲಾಯಿತು.

ಮಾರನೆಯ ಬೆಳಿಗ್ಗೆ ನಲವತ್ತು ಮಕ್ಕಳೂ ಮೈದಾನದಲ್ಲಿದ್ದರು. ದಬ್ಬೇಘಟ್ಟದ ಅಣ್ಣತಮ್ಮಂದಿರು ಮೊದಲೇ ಬಂದು ಕೂತಿದ್ದರು. ಅಮ್ಜದ್ ಸಾರ್ ಬರಲಿಲ್ಲ. ಕೋಚಿಗೆ ಹುಷಾರಿಲ್ಲವಂತೆ ಎಂದು ದೊಡ್ಡಪ್ಪ ಹೇಳಿ ಕಳಿಸಿದ. ಅದರ ಮಾರನೆಯ ದಿನ ಇಪ್ಪತ್ತು ಮಕ್ಕಳು ಬಂದರು, ಆಮೇಲೆ ಆರು. ನಾನು ಮೂರೂ ದಿನ ಹೋಗಿ ಕಾಂಪೌಂಡಿನ ಮೇಲೆ ಕೂತೆ. ಅವರು ಬಾರದೇ ಇರುವುದಕ್ಕೆ ಕಾರಣ ನಾನು ಎಂದು ನನಗೆ ಗೊತ್ತಿತ್ತು, ಉಳಿದ ಮಕ್ಕಳಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ. ಚೆಂಡನ್ನು ಚೇತು ಮನೆಗೆ ತಂದು ಅಟ್ಟಕ್ಕೆ ಎಸೆದಿದ್ದ. ಸುಣ್ಣದ ಗೆರೆ ಗಾಳಿಗೆ ಹೋಯಿತು. ಪೇಪರಿನಲ್ಲಿ ಬಂದ ಫೋಟೋವನ್ನು ದೊಡ್ಡಪ್ಪ ಕಟ್ಟು ಹಾಕಿಸಿ ಗೋಡೆಗೆ ಹೊಡೆಸಿದ.

ಶಾಲೆ ತೆರೆಯುವ ವಾರ ಅಚ್ಚಾದ ಸರ್ಟಿಫಿಕೇಟುಗಳು ಬಂದವು, ನಲವತ್ತು. ಇಪ್ಪತ್ತೊಂದು ದಿನಗಳ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ್ದಾರೆ ಎಂದು ಹೂವಿನ ಅಂಚಿನೊಳಗೆ ಬರೆದಿತ್ತು. ಕೆಳಗೆ ತರಬೇತುದಾರರ ಸಹಿಗೆ ಚುಕ್ಕಿ ಗೆರೆ. ಈಗ ಅವರಿಗೆ ಜಾಗ ಸಾಕಷ್ಟು ಸಿಕ್ಕಿತ್ತು. ಸಹಿ ಹಾಕಿಸಿಕೊಂಡು ಬಾ ಎಂದು ದೊಡ್ಡಪ್ಪ ಅಪ್ಪನನ್ನು ತಿಪಟೂರಿಗೆ ಕಳಿಸಿದ. ಇಂಥ ಕೆಲಸಕ್ಕೆ ಯಾವಾಗಲೂ ಅಪ್ಪನೇ ಹೋಗಬೇಕಿತ್ತು. ನಾನು ಹಟ ಮಾಡಿ ಜೊತೆಗೆ ಹೊರಟೆ. ಬಸ್ಸಿನಲ್ಲಿ ಉದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ.

ಅಂಗಡಿಯಲ್ಲಿ ತಾಮ್ರದ ತಂತಿಯ ಸುರುಳಿಗಳು ನೇತಾಡುತ್ತಿದ್ದವು, ವಾರ್ನಿಷಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಮ್ಜದ್ ಸಾರ್ ಒಂದು ಮೋಟರಿನ ಹೊಟ್ಟೆಯೊಳಗೆ ಕೈ ಇಟ್ಟು ಕೂತಿದ್ದರು. ನಮ್ಮನ್ನು ಕಂಡು ಎದ್ದರು. ಅಪ್ಪ ಕಟ್ಟನ್ನು ಮೇಜಿನ ಮೇಲಿಟ್ಟ. ಅವರು ಕೈ ಒರೆಸಿಕೊಂಡು ಮೇಲಿನದನ್ನು ತೆಗೆದು ಪೂರ್ತಿ ಓದಿದರು.

"ಇಪ್ಪತ್ತೊಂದು ದಿನ ಅಂತ ಹಾಕಿದೀರಲ್ಲ ಸ್ವಾಮಿ. ನಾನು ಹೇಳ್ಕೊಟ್ಟಿದ್ದು ಒಂದಿನ."

"ಅದು ಅಚ್ಚಾಗೋಗೈತೆ ಸಾಬ್ರೇ. ನೀವೂ ಆಮೇಲೆ ಬರ್ಲಿಲ್ಲ."

"ನಾನು ಮಾರನೇ ದಿನ ಹೊರಟಿದ್ದೆ. ಚೆಂಡು ಸಾಲಲ್ಲ ಅಂತ ಇನ್ನೆರಡು ಇಸ್ಕಂಡು ಸ್ಕೂಟರಿಗೆ ಕಟ್ಟಿದ್ದೆ. ಅಷ್ಟೊತ್ಗೆ ಯಜಮಾನ್ರೇ ಫೋನ್ ಮಾಡಿ ಬರೋದ್ ಬೇಡ ಅಂದ್ರು."

ಅಪ್ಪ ನೆಲ ನೋಡಿದ. ನಾನು ಅವನನ್ನು ನೋಡಿದೆ. ಅವನಿಗೆ ಇದು ಮೊದಲೇ ಗೊತ್ತಿತ್ತು.

"ಮಕ್ಳಿಗೆ ಉಪಯೋಗ ಆಯ್ತದೆ. ಒಂದ್ ಸೈನ್ ಹಾಕ್ಬುಡಿ," ಎಂದ.

"ನಿನ್ದು ಯಾವ್ದಮ್ಮ?" ಎಂದು ಅವರು ನನ್ನನ್ನು ಕೇಳಿದರು. ಕಟ್ಟಿನಿಂದ ಹುಡುಕಿ ಕೊಟ್ಟೆ. ಪೆನ್ನು ತೆಗೆದು, ಇಪ್ಪತ್ತೊಂದು ದಿನಗಳ ಎಂಬುದರ ಮೇಲೆ ಗೆರೆ ಎಳೆದು, ಮೇಲೆ ಒಂದು ದಿನದ ಎಂದು ಬರೆದು, ಸಹಿ ಹಾಕಿದರು. ಉಳಿದವನ್ನು ಅಪ್ಪನ ಕಡೆ ಸರಿಸಿದರು.

"ಎಲ್ಲಾರ್ದೂ ಹಿಂಗೇ ತಿದ್ದೋದಾದ್ರೆ ಈಗ್ಲೇ ಹಾಕ್ಕೊಡ್ತೀನಿ."

ಅಪ್ಪ ಕಟ್ಟಿಗೆ ದಾರ ಸುತ್ತತೊಡಗಿದ. ಬಸ್ಸಿಗೆ ಹೊತ್ತಾಯಿತು ಎಂದು ಮೆಟ್ಟಿಲಿಳಿದ. ನಾನು ಅಲ್ಲೇ ನಿಂತಿದ್ದೆ.

"ಸಾರ್, ಅವತ್ತು ಮನೇಲಿ..."

ಜೋಡಿಸಿಕೊಂಡದ್ದು ಅಲ್ಲಿಗೆ ಮುಗಿಯಿತು. ಯಾರ ಮಾತನ್ನಾದರೂ ಆಡಬಲ್ಲ ನನಗೆ ನನ್ನದೆಂಬ ಒಂದು ವಾಕ್ಯ ಬರಲಿಲ್ಲ. ಅವರು ಸ್ವಲ್ಪ ಕಾದರು. ಆಮೇಲೆ ಮತ್ತೆ ಮೋಟರಿನ ಮುಂದೆ ಕೂತರು.

"ಹ್ಞಾಂ, ಅವತ್ತು ಅಡುಗೆ ಚೆನ್ನಾಗಿತ್ತು ಅಂತ ನಿಮ್ಮ ತಾಯಿಗೆ ಹೇಳಮ್ಮ. ಹೋಗು, ಬಸ್ ಹೋಗ್ಬುಡ್ತದೆ."

ಅಂಗಡಿ ಬಾಗಿಲು ಹಾಕಿತ್ತು ಎಂದು ಅಪ್ಪ ಮನೆಯಲ್ಲಿ ಹೇಳಿದ. ದೊಡ್ಡಪ್ಪ ಹಸಿರು ಪೆನ್ನು ತೆಗೆದುಕೊಂಡು, ನನ್ನ ಬಳಿ ಉಳಿದದ್ದು ಬಿಟ್ಟು, ಮೂವತ್ತೊಂಬತ್ತಕ್ಕೂ ತಾನೇ ಸಹಿ ಹಾಕಿದ, ಪ್ರತಿಯೊಂದಕ್ಕೂ ಬೇರೆ ಬೇರೆ ಥರ. ಅದರ ಬಲದಿಂದ ಚೇತುವಿಗೆ ಎಲ್ಲೂ ಏನೂ ಸಿಗಲಿಲ್ಲ, ಆದರೂ ತಾನು ಶಿಬಿರದ ಕ್ಯಾಪ್ಟನ್ ಆಗಿದ್ದೆ ಎಂದು ಅವನು ಈಗಲೂ ತನ್ನ ಮಕ್ಕಳಿಗೆ ಹೇಳುತ್ತಾನೆ. ನಾನು ಮುಂದೆ ಫುಟ್‌ಬಾಲ್ ಆಡಲಿಲ್ಲ. ಅಮ್ಜದ್ ಸಾರ್ ನಮ್ಮ ಮನೆಯ ಮೋಟರು ಮತ್ತೆ ಮುಟ್ಟಲಿಲ್ಲ. ತಿಪಟೂರಿನಿಂದ ಬಂದ ಸಂಜೆ ದೊಡ್ಡಪ್ಪ ಪಡಸಾಲೆಯಲ್ಲಿ ನನ್ನನ್ನು ಎಂದಿನಂತೆ ಕರೆದ. ಹೊಟ್ಟೆನೋವು ಎಂದು ಹೇಳಿ ಅಡುಗೆಮನೆಗೆ ಹೋದೆ. ಅದು ಕೂಡ ಧೈರ್ಯವಲ್ಲ. ಒಂದು ತಿಂಗಳ ಮೇಲೆ ಮತ್ತೆ ಕರೆದ, ಮತ್ತೆ ಹೋಗಿ ತೋರಿಸಿದೆ.

ಆ ಸಂಜೆ ಅಡುಗೆಮನೆಯಲ್ಲಿ ಅಮ್ಮ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಅಮ್ಜದ್ ಸಾರ್ ಹೇಳಿದ್ದನ್ನು ಹೇಳಿದೆ. ಅವಳು ಕೈ ನಿಲ್ಲಿಸಿದಳು.

"ಚೆನ್ನಾಗಿತ್ತು ಅಂದ್ರಾ? ಒಂದಗುಳು ಮುಟ್ಟಿರ್ಲಿಲ್ಲ ಕಣೇ. ಆ ಎಲೆ ಎತ್ತಿದೋಳು ನಾನು."

ತುರಿಯನ್ನು ಒಟ್ಟುಮಾಡುತ್ತ ಕೇಳಿದಳು.

"ನೀನೇನಂದೆ?"

"ಏನೂ ಅನ್ಲಿಲ್ಲ."

ಅವಳು ಕಾಯಿಯ ಹೋಳನ್ನು ತಿರುಗಿಸಿ ಹಿಡಿದುಕೊಂಡಳು.

"ಹೂಂ," ಎಂದಳು. "ನೀನೂ ಈ ಮನೆಯೋಳೇ."